ಸಾರಿಗಾ, ಫ್ರೈಗಾ? ಈ ಸಲ ಓವನ್ನಿಗೆ

ಶ್ರಾವಣ ಕಳೆಯಿತು, ಕೋಳಿ ಅಂಗಡಿ ಮುಂದೆ ಮತ್ತೆ ಸಾಲು. ಪಿಜ್ಜಾ ಬೇಕೆನ್ನುವ ಮಕ್ಕಳು ಒಂದು ಕಡೆ, ಕೆಲಸ ಮುಗಿಸಿ ರಾತ್ರಿ ಮನೆ ಸೇರುವ ಅಮ್ಮಂದಿರು ಇನ್ನೊಂದು ಕಡೆ. ಹಿಟ್ಟು ನಾದಬೇಕಿಲ್ಲ, ಹುದುಗು ಬರಲೆಂದು ಕಾಯಬೇಕಿಲ್ಲ. ಕೋಳಿಯ ಎದೆ ಭಾಗ, ಟೊಮೆಟೊ ಗೊಜ್ಜು, ಒಂದು ಹಿಡಿ ಚೀಸ್ ಇದ್ದರೆ ಮುಕ್ಕಾಲು ಗಂಟೆಯಲ್ಲಿ ಊಟ ಸಿದ್ಧ. ಪಿಜ್ಜಾದ ಪರಿಮಳಕ್ಕೆ ಬೇಕಾದ ಸೊಪ್ಪು ನಮ್ಮ ತುಳಸಿಕಟ್ಟೆ ಪಕ್ಕದಲ್ಲೇ ಬೆಳೆದಿದೆ!

ಗಣಪತಿಯನ್ನು ಕೆರೆಗೆ ಬಿಟ್ಟಾದ ಮೇಲಿನ ಮೊದಲ ಭಾನುವಾರ. ಗುಬ್ಬಿಯ ಕೋಳಿ ಅಂಗಡಿ ಮುಂದೆ ಬೆಳಿಗ್ಗೆ ಏಳಕ್ಕೇ ಇಪ್ಪತ್ತು ಜನ. ಕೆಲವರ ಕೈಯಲ್ಲಿ ಸ್ಟೀಲ್ ಡಬ್ಬಿ, ಕೆಲವರ ಕೈಯಲ್ಲಿ ವೈರ್ ಬ್ಯಾಗು. ಒಳಗೆ ಮರದ ಕೊರಡಿನ ಮೇಲೆ ಮಚ್ಚಿನ ಸದ್ದು ನಿಲ್ಲುವುದೇ ಇಲ್ಲ.

ಅಂಗಡಿಯ ಹುಡುಗ ತಲೆ ಎತ್ತದೆ ಎಲ್ಲರಿಗೂ ಕೇಳುವುದು ಒಂದೇ ಮಾತು. "ಸಾರಿಗಾ, ಫ್ರೈಗಾ?"

ಸಾರಿಗೆ ಎಂದರೆ ಮೂಳೆ ಸಮೇತ ಮಧ್ಯಮ ತುಂಡು. ಫ್ರೈಗೆ ಎಂದರೆ ಇನ್ನೂ ಸಣ್ಣದು. ನನ್ನ ಸರದಿ ಬಂತು.

"ಎರಡೂ ಅಲ್ಲ ತಮ್ಮ. ಒಂದು ಪೂರ್ತಿ ಕೋಳಿ ತೂಗು. ಎದೆ ಭಾಗ ಮಾತ್ರ ಮೂಳೆ ಬಿಡಿಸಿ ಅಗಲಕ್ಕೆ ಸೀಳಿಕೊಡು. ಮಿಕ್ಕಿದ್ದು ಸಾರಿಗೆ ಕಟ್ ಮಾಡು."

ಹುಡುಗ ಈಗ ತಲೆ ಎತ್ತಿದ. "ಎದೆ ಪೀಸಲ್ಲಿ ಏನ್ ಮಾಡ್ತೀರಕ್ಕ?"

"ಓವನ್ನಲ್ಲಿ ಪಿಜ್ಜಾ ಥರ."

ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನನ್ನ ಕಡೆ ತಿರುಗಿದರು. "ಹಿಟ್ಟಿಲ್ದೆ ಅದೆಂಥ ಪಿಜ್ಜಾನವ್ವ?" ಅವರ ಮೊಮ್ಮಗನಿಗೆ ಅದೇ ಬೇಕಂತೆ, ಹೊರಗಿನದನ್ನು ತಿಂದರೆ ಹೊಟ್ಟೆ ಹಿಡಿದುಕೊಳ್ಳುತ್ತದಂತೆ. ಅವರಿಗೆ ನಿಂತಲ್ಲೇ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೋಳಿ ಬದಲಾಯಿತು, ಕುಕ್ಕರ್ ಬದಲಾಗಲಿಲ್ಲ

ನಾನು ಕೆಲಸ ಮಾಡುವುದು ತುಮಕೂರಿನಲ್ಲಿ. ಅಪ್ಪ, ಅಮ್ಮ ಇರುವುದು ಗುಬ್ಬಿಯಲ್ಲಿ. ಅಕ್ಕನನ್ನು ಕೊಟ್ಟಿರುವುದು ಕುಣಿಗಲ್‌ಗೆ. ಮೂರು ಮನೆಗಳಲ್ಲೂ ಕೋಳಿ ಎಂದರೆ ಮೊದಲು ನೆನಪಾಗುವುದು ಸಾರು ಮತ್ತು ಮುದ್ದೆ. ಆ ಸಾರಿನ ಮುಂದೆ ಇನ್ನೊಂದಿಲ್ಲ ಎಂದು ನಂಬಿದವಳೇ ನಾನೂ. ಆದರೆ ಆ ಸಾರು ಹುಟ್ಟಿದ್ದು ನಾಟಿ ಕೋಳಿಗಾಗಿ.

ಹಿತ್ತಲಲ್ಲಿ, ತಿಪ್ಪೆಯಲ್ಲಿ ಕೆದಕಿ ಓಡಾಡಿ ಬೆಳೆದ ಕೋಳಿಯ ಮಾಂಸ ಗಟ್ಟಿ. ವಯಸ್ಸಾದಷ್ಟೂ ಅದರ ಸ್ನಾಯುಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರು ಬಿಗಿಯಾಗುತ್ತ ಹೋಗುತ್ತದೆ. ನೀರಲ್ಲಿ ಹೊತ್ತುಗಟ್ಟಲೆ ಕುದಿಸಿದರೆ ಮಾತ್ರ ಆ ನಾರು ಕರಗಿ ಸಾರಿಗೆ ಇಳಿಯುತ್ತದೆ. ನಾಟಿ ಕೋಳಿ ಸಾರು ತುಟಿಗೆ ಅಂಟುವುದು ಅದಕ್ಕೇ. ಅಮ್ಮ ಸೌದೆ ಒಲೆಯ ಮೇಲೆ ಒಂದು ಗಂಟೆ ಬೇಯಿಸುತ್ತಿದ್ದುದರಲ್ಲಿ ಅರ್ಥವಿತ್ತು.

ಈಗ ಅಂಗಡಿಯಲ್ಲಿ ಸಿಗುವುದು ಬ್ರಾಯ್ಲರ್. ಮೊಟ್ಟೆಯೊಡೆದು ಬಂದ ಸುಮಾರು ಆರು ವಾರಕ್ಕೆ ಎರಡು ಕೆ.ಜಿ. ತೂಗುವ ಹಕ್ಕಿ. ಓಡಿದ್ದಿಲ್ಲ, ಹಾರಿದ್ದಿಲ್ಲ. ಅದರ ಎದೆ ಭಾಗದಲ್ಲಿ ಕೊಬ್ಬೂ ಕಡಿಮೆ, ನಾರೂ ಕಡಿಮೆ. ಕರಗಿಸಲು ಏನೂ ಇಲ್ಲದ ಮಾಂಸವನ್ನು ಕುಕ್ಕರ್‌ಗೆ ಹಾಕಿ ನಾಲ್ಕು ವಿಷಲ್ ಕೂಗಿಸಿದರೆ ಒಳಗಿನ ನೀರೆಲ್ಲ ಹಿಂಡಿಹೋಗಿ, ಅಗಿದಷ್ಟೂ ಹತ್ತಿಯಂತೆ ಬಾಯಲ್ಲಿ ಉಳಿಯುತ್ತದೆ. "ಫಾರಂ ಕೋಳೀಲಿ ರುಚಿಯೇ ಇಲ್ಲ" ಎಂದು ಅಪ್ಪ ತಟ್ಟೆ ಸರಿಸುತ್ತಾರೆ. ಅರ್ಧ ತಪ್ಪು ಕೋಳಿಯದು, ಅರ್ಧ ನಾವು ಬೇಯಿಸುವುದರದು ಎಂದು ನನಗೆ ಖಚಿತವಾಗಲು ತುಂಬಾ ವರ್ಷ ಹಿಡಿಯಿತು.

ಈ ಮಾಂಸಕ್ಕೆ ಬೇಕಿರುವುದು ಕಡಿಮೆ ಹೊತ್ತಿನ ಒಣ ಶಾಖ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ತು ನಿಮಿಷ ಸಾಕು. ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಿತೆಂದರೆ ಬೆಂದಿದೆ, ತಿನ್ನಲು ಸುರಕ್ಷಿತ ಎಂದರ್ಥ. ಅಲ್ಲಿಗೆ ಶಾಖ ನಿಲ್ಲಿಸಬೇಕು. ಮೇಲೆ ಗೊಜ್ಜು, ಅದರ ಮೇಲೆ ಚೀಸ್ ಹೊದಿಸುವುದು ರುಚಿಗಾಗಿ ಮಾತ್ರ ಅಲ್ಲ. ಆ ಹೊದಿಕೆಯಿಂದ ಎದೆ ಮಾಂಸದ ಮೇಲ್ಮೈ ಒಣಗದೆ ಉಳಿಯುತ್ತದೆ.

ನಾಟಿಗೂ ಬ್ರಾಯ್ಲರ್‌ಗೂ ನಡುವಿನ ಹಕ್ಕಿಯೊಂದನ್ನು ಕರ್ನಾಟಕವೇ ಕೊಟ್ಟಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ಗಿರಿರಾಜ. ಹಿತ್ತಲಲ್ಲೇ ಮೇಯುತ್ತದೆ, ನಾಟಿಗಿಂತ ಬೇಗ ತೂಕ ಬರುತ್ತದೆ. ಸಿಕ್ಕಿದರೆ ಎಳೆಯದನ್ನು ನೋಡಿ ಓವನ್ನಿಗೆ ಆರಿಸಿ, ಬಲಿತದ್ದು ಸಾರಿಗೇ ಸರಿ.

ಬೇಕರಿ ಗಾಜಿನ ಹಿಂದಿನ ಪಿಜ್ಜಾ

ನನ್ನ ವಯಸ್ಸಿನವರಿಗೆ ಪಿಜ್ಜಾ ಎಂಬ ಹೆಸರು ಮೊದಲು ಸಿಕ್ಕಿದ್ದು ದೊಡ್ಡ ಕಂಪನಿಗಳಿಂದ ಅಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಅಯ್ಯಂಗಾರ್ ಬೇಕರಿಯಿಂದ. ದಪ್ಪ ಬನ್ನಿನಂಥ ಬ್ರೆಡ್ಡು, ಮೇಲೆ ಕ್ಯಾರೆಟ್, ಈರುಳ್ಳಿ, ಎಲೆಕೋಸಿನ ಪಲ್ಯ, ಒಂದು ಗೆರೆ ಟೊಮೆಟೊ ಸಾಸ್. ಚೀಸ್ ಇರುತ್ತಿತ್ತೋ ಇಲ್ಲವೋ ನೆನಪಿಲ್ಲ. ಖಾರ ಚೆನ್ನಾಗಿ ನೆನಪಿದೆ.

ಅಯ್ಯಂಗಾರ್ ಬೇಕರಿಗಳ ಬೇರು ಹಾಸನದ ಕಡೆಯದು. ಅಲ್ಲಿಂದ ಬಂದವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬಿ.ಬಿ. ಬೇಕರಿಯಿಂದ ಈ ಪರಂಪರೆಯನ್ನು ಎಣಿಸುತ್ತಾರೆ. ಇಟ್ಟಿಗೆ ಭಟ್ಟಿಯಲ್ಲಿ ಸೌದೆ ಉರಿಸಿ ಬ್ರೆಡ್ಡು, ಬನ್ನು, ಬೆಣ್ಣೆ ಬಿಸ್ಕತ್ತು ಸುಡುತ್ತಿದ್ದ ಆ ಕೈಗಳಿಂದಲೇ ಒಣ ಶಾಖದ ಅಡುಗೆ ನಮ್ಮ ಊರೂರಿಗೆ ಬಂತು. ಮನೆಗಳಿಗೆ ಮಾತ್ರ ಬರಲಿಲ್ಲ. ತುಮಕೂರು ಸೀಮೆಯ ಅಡುಗೆಮನೆ ಇವತ್ತಿಗೂ ಆವಿಯದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ದೂರದೂರದಿಂದ ಜನ ಕಾರು ನಿಲ್ಲಿಸಿ ಇಳಿಯುತ್ತಾರೆ. ಮುದ್ದೆ, ಸಾರು, ಕಡುಬು ಎಲ್ಲವೂ ನೀರನ್ನು ನೆಚ್ಚಿದ ಅಡುಗೆಗಳೇ.

ಕಂಪನಿ ಪಿಜ್ಜಾ ಬಂದದ್ದು ಆಮೇಲೆ. 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿಯ ಕೋಳಿ ಮಳಿಗೆ ತೆರೆಯಿತು, ಮರುವರ್ಷ ಅದೇ ನಗರಕ್ಕೆ ಪಿಜ್ಜಾ ಹಟ್ ಬಂತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಆ ಕೋಳಿ ಮಳಿಗೆಗೆ ನುಗ್ಗಿ ಪ್ರತಿಭಟಿಸಿದರು. ಹಾಗೆ ನುಗ್ಗಿದ್ದು ಸರಿಯೋ ತಪ್ಪೋ ಎಂಬ ವಾದ ಅಂದೂ ಇತ್ತು, ಇಂದೂ ಇದೆ. ನಮ್ಮ ಊಟ ಯಾರ ಕೈಲಿರಬೇಕು ಎಂದು ಅವರು ಕೇಳಿದ ಪ್ರಶ್ನೆ ಮಾತ್ರ ಹಳತಾಗಿಲ್ಲ. ಇವತ್ತು ನಮ್ಮ ಜಿಲ್ಲೆಯ ಎಷ್ಟೋ ಶೆಡ್‌ಗಳಲ್ಲಿ ಮರಿಯೂ ಕಂಪನಿಯದು, ಮೇವೂ ಕಂಪನಿಯದು. ರೈತನಿಗೆ ಸಿಗುವುದು ಕೆ.ಜಿ. ಲೆಕ್ಕದ ಸಾಕಣೆ ಕೂಲಿ. ಆ ಕೋಳಿಯನ್ನು ಊರಿನ ಅಂಗಡಿಯಲ್ಲೇ ಕೊಂಡು ಮನೆಯಲ್ಲೇ ಬೇಯಿಸಿದರೆ ಕೊನೆಯ ಹೆಜ್ಜೆಯಾದರೂ ನಮ್ಮ ಕೈಯಲ್ಲಿರುತ್ತದೆ.

▣ ಈ ಕೋಳಿಯ ನೆಂಟರು
ಇಟಲಿ: ಪಾರ್ಮಿಜಾನಾ. ಮೂಲದಲ್ಲಿ ಇದು ಬದನೆಕಾಯಿ ಅಡುಗೆ. ಬಿಲ್ಲೆಗಳ ಮೇಲೆ ಟೊಮೆಟೊ, ಚೀಸ್ ಹಾಕಿ ಸುಡುತ್ತಾರೆ. ಅಮೆರಿಕಕ್ಕೆ ವಲಸೆ ಹೋದ ಇಟಲಿಯವರು ಬದನೆಯ ಜಾಗಕ್ಕೆ ಕೋಳಿ ತಂದರು.
ಅರ್ಜೆಂಟೀನಾ: ಮಿಲನೇಸಾ ನಪೊಲಿಟಾನಾ. ಹೆಸರು ಬಂದದ್ದು ನೇಪಲ್ಸ್ ನಗರದಿಂದಲ್ಲ, ಬ್ಯೂನಸ್ ಐರಿಸ್‌ನ ನಾಪೊಲಿ ಎಂಬ ಹೋಟೆಲಿನಿಂದ ಎನ್ನುತ್ತಾರೆ ಅಲ್ಲಿಯವರು.
ಇಂಗ್ಲೆಂಡ್: ಮಿಡಲ್ಸ್‌ಬರೋ ಸುತ್ತಿನ ಪಾರ್ಮೋ. ತೆಳ್ಳಗೆ ಬಡಿದು ಕರಿದ ಕೋಳಿಯ ಮೇಲೆ ಬಿಳಿ ಸಾಸ್, ಚೀಸ್. ಎರಡನೇ ಮಹಾಯುದ್ಧದ ನಂತರದ ಅಡುಗೆ.
ನಮ್ಮಲ್ಲಿ: ಮಾಂಸ ತಿನ್ನದ ಮನೆಗಳಲ್ಲಿ ಇದೇ ಗೊಜ್ಜು, ಇದೇ ಚೀಸನ್ನು ಬದನೆಕಾಯಿ ಬಿಲ್ಲೆಗಳ ಮೇಲೆ ಹಾಕಬಹುದು. ಅದು ಬದಲಿ ಅಡುಗೆಯಲ್ಲ, ಮೂಲ ಅಡುಗೆ.

ಹೂವಾಡಗಿತ್ತಿಯ ಬುಟ್ಟಿಯಲ್ಲಿ ಇಟಲಿ

ಪಿಜ್ಜಾಕ್ಕೆ ಆ ವಾಸನೆ ಬರುವುದು ಎಲ್ಲಿಂದ? ಚೀಸ್‌ನಿಂದ ಸ್ವಲ್ಪ, ಸುಟ್ಟ ಟೊಮೆಟೊದಿಂದ ಸ್ವಲ್ಪ. ಹೆಚ್ಚಿನದು ಒರೆಗಾನೊ ಎಂಬ ಒಣಗಿದ ಸೊಪ್ಪಿನಿಂದ. ಪಿಜ್ಜಾ ಡಬ್ಬಿಯ ಜೊತೆ ಪುಟ್ಟ ಪೊಟ್ಟಣದಲ್ಲಿ ಕೊಡುತ್ತಾರಲ್ಲ, ಅದೇ.

ಒಂದು ಸಂಜೆ ಅಮ್ಮ ತಂಬುಳಿಗೆಂದು ಕಿತ್ತುತಂದ ದೊಡ್ಡಪತ್ರೆ ಎಲೆಯನ್ನು ಬೆರಳಲ್ಲಿ ಹಿಸುಕಿದಾಗ ನನಗೆ ಥಟ್ಟನೆ ಹೊಳೆದದ್ದು ಪಿಜ್ಜಾ. ಮೂಗು ಸುಳ್ಳು ಹೇಳಿರಲಿಲ್ಲ. ಒರೆಗಾನೊಗೆ ಘಾಟು ಕೊಡುವ ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳೇ ದೊಡ್ಡಪತ್ರೆಯಲ್ಲೂ ಇವೆ. ಸಮುದ್ರದಾಚೆ ಇದೇ ಗಿಡವನ್ನು ಕ್ಯೂಬನ್ ಒರೆಗಾನೊ ಎಂದು ಕರೆಯುತ್ತಾರೆ, ಕೆರಿಬಿಯನ್ ದ್ವೀಪಗಳಲ್ಲಿ ಮಾಂಸದ ಅಡುಗೆಗೆ ಹಾಕುತ್ತಾರೆ. ನಮ್ಮಲ್ಲಿ ಮಗುವಿಗೆ ಕೆಮ್ಮು ಬಂದರೆ ಕೆಂಡದ ಮೇಲೆ ಬಾಡಿಸಿ ರಸ ಹಿಂಡುವ ಎಲೆ ಅದು. ತುಳಸಿಕಟ್ಟೆಯ ಪಕ್ಕ, ನೀರು ಚೆಲ್ಲುವ ಕಡೆ ತಾನೇ ತಾನಾಗಿ ಹಬ್ಬುತ್ತದೆ. ಥೈಮಾಲ್ ಇನ್ನೂ ಜಾಸ್ತಿ ಇರುವುದು ಓಂಕಾಳಿನಲ್ಲಿ. ಮನೆಯಲ್ಲಿ ದೊಡ್ಡಪತ್ರೆ ಇಲ್ಲದವರು ಎರಡು ಚಿಟಿಕೆ ಓಂಕಾಳು ತಿಕ್ಕಿ ಹಾಕಿದರೂ ಆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ದೇವರಿಗೆ, ಮುಡಿಗೆ ಎಂದು ಹೂವಾಡಗಿತ್ತಿಯರು ಮಾಲೆಯ ನಡುವೆ ಸೇರಿಸಿ ಕಟ್ಟುವ ಮರುಗ ಯಾರಿಗೆ ಗೊತ್ತಿಲ್ಲ? ಅದು ಒರೆಗಾನೊದ ಒಡಹುಟ್ಟು. ಎರಡೂ ಒರಿಗ್ಯಾನಮ್ ಎಂಬ ಒಂದೇ ಕುಲದ ಗಿಡಗಳು. ಯುರೋಪಿನವರು ಮರುಗವನ್ನು ಮಾರ್ಜೊರಮ್ ಎಂದು ಕರೆದು ಕೋಳಿಗೆ, ಸೂಪಿಗೆ ಹಾಕುತ್ತಾರೆ. ಇನ್ನು ಪಿಜ್ಜಾ ಮೇಲೆ ಹಸಿರಾಗಿ ಕೂರುವ ಬೇಸಿಲ್ ನಮ್ಮ ಕಾಮಕಸ್ತೂರಿಯೇ. ಅದರ ಬೀಜವನ್ನು ಬೇಸಿಗೆಯಲ್ಲಿ ನೆನೆಹಾಕಿ ಪಾನಕಕ್ಕೆ ಬೆರೆಸುತ್ತೇವೆ, ಎಲೆಯನ್ನು ದೇವರಿಗೆ ಏರಿಸುತ್ತೇವೆ.

ಮೂರು ಗಿಡಗಳು, ಮೂರೂ ನಮ್ಮ ಬೀದಿಯವು. ಇಷ್ಟು ವರ್ಷ ಮುಡಿದೆವು, ಪೂಜಿಸಿದೆವು, ಮದ್ದಿಗೆ ಅರೆದೆವು. ಎಲೆಯಾಗಿ ಅಡುಗೆಮನೆಗೆ ಬಿಟ್ಟುಕೊಂಡದ್ದು ದೊಡ್ಡಪತ್ರೆಯನ್ನು ಮಾತ್ರ. ಇದನ್ನು ತಿಳಿದ ದಿನ ನನಗಾದ ಸಂತೋಷ ದೊಡ್ಡದು, ಈಗಲೂ ಮರುಗದ ಕಡ್ಡಿ ಕಂಡರೆ ಮೂಗಿಗೆ ಹಿಡಿಯದೆ ಮುಂದೆ ಹೋಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಹೂವಿನ ಮಾರುಕಟ್ಟೆಗೆಂದು ಬೆಳೆದ ಸೊಪ್ಪಿಗೆ ಔಷಧ ಹೊಡೆದಿರಬಹುದು. ಬುಟ್ಟಿಯಿಂದ ಕೊಂಡದ್ದನ್ನು ತಿನ್ನಲು ಬಳಸಬೇಡಿ, ಕಡ್ಡಿಯನ್ನು ಕುಂಡದಲ್ಲಿ ನೆಟ್ಟು ಹೊಸ ಚಿಗುರನ್ನು ಕಿತ್ತುಕೊಳ್ಳಿ.

ಗೊಜ್ಜು ಗಟ್ಟಿಯಿರಲಿ

ಈಗ ಒಲೆಯ ಮುಂದೆ ಬರೋಣ. ನಾಲ್ಕು ಜನಕ್ಕೆ ಅರ್ಧ ಕೆ.ಜಿ. ಎದೆ ಮಾಂಸ. ಅಂಗಡಿಯಲ್ಲಿ ಸೀಳಿಸದಿದ್ದರೆ ಮನೆಯಲ್ಲೇ ಚೂಪಾದ ಚಾಕುವಿನಿಂದ ಪುಸ್ತಕ ತೆರೆದಂತೆ ಅಗಲಕ್ಕೆ ಸೀಳಿ. ದಪ್ಪ ಎಲ್ಲ ಕಡೆ ಒಂದೇ ಇರಬೇಕು, ಬೆರಳಿನಷ್ಟಿದ್ದರೆ ಸಾಕು. ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗಿದ್ದರೆ ತೆಳ್ಳಗಿನದು ಒಣಗುವಷ್ಟರಲ್ಲಿ ದಪ್ಪದ್ದು ಹಸಿಯಾಗಿಯೇ ಇರುತ್ತದೆ. ದಪ್ಪ ತುದಿಗೆ ಲಟ್ಟಣಿಗೆಯಿಂದ ನಾಲ್ಕು ಪೆಟ್ಟು ಕೊಡಿ.

ಕೋಳಿಯನ್ನು ನಲ್ಲಿ ಕೆಳಗೆ ಜೋರಾಗಿ ತೊಳೆಯಬೇಡಿ. ಹಸಿ ಮಾಂಸದ ಮೇಲಿನ ರೋಗಾಣುಗಳು ಹನಿಗಳ ಜೊತೆ ಸಿಂಕು, ಪಾತ್ರೆ, ಪಕ್ಕದ ಕೊತ್ತಂಬರಿ ಸೊಪ್ಪಿಗೂ ಸಿಡಿಯುತ್ತವೆ. ನಮ್ಮಲ್ಲಿ ಅರಿಸಿನ ಹಾಕಿ ತೊಳೆಯದೆ ಮನಸ್ಸು ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು. ಹಾಗಿದ್ದರೆ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ನಿಧಾನ ಅಲುಗಿಸಿ ತೆಗೆದು, ಬಟ್ಟೆಯಿಂದ ಒತ್ತಿ ಒರೆಸಿ. ಒದ್ದೆ ಉಳಿಯಬಾರದು.

ಒಂದು ಚಮಚ ಉಪ್ಪು, ಅರ್ಧ ಚಮಚ ಕರಿಮೆಣಸಿನ ಪುಡಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಎರಡು ದೊಡ್ಡಪತ್ರೆ ಎಲೆ, ಎರಡು ಚಮಚ ಕಡಲೆಕಾಯಿ ಎಣ್ಣೆ. ಸವರಿ ಅರ್ಧ ಗಂಟೆ ಬಿಡಿ. ಬೆಳಿಗ್ಗೆಯೇ ಸವರಿ ಫ್ರಿಜ್ಜಿನಲ್ಲಿಟ್ಟು ಕೆಲಸಕ್ಕೆ ಹೋದರೆ ಇನ್ನೂ ಒಳ್ಳೆಯದು. ಉಪ್ಪು ಒಳಗಿಳಿದಷ್ಟೂ ಮಾಂಸ ತನ್ನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಲಿವ್ ಎಣ್ಣೆಯೇ ಬೇಕು ಎಂಬುದೇನಿಲ್ಲ. ಪಾವಗಡ, ಶಿರಾ, ಮಧುಗಿರಿಯಲ್ಲಿ ಬೆಳೆದ ಕಡಲೆಕಾಯಿಯ ಎಣ್ಣೆ ಈ ಶಾಖವನ್ನು ಸಲೀಸಾಗಿ ತಡೆಯುತ್ತದೆ.

ಪಿಜ್ಜಾ ಸಾಸ್ ಎಂದು ಬಾಟಲಿಯಲ್ಲಿ ಮಾರುವುದು ಹೆಚ್ಚುಕಡಿಮೆ ನಮ್ಮ ಟೊಮೆಟೊ ಗೊಜ್ಜೇ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಕೈಗೆ ಗಟ್ಟಿಯಾಗಿ ಸಿಗುವ, ಚೆನ್ನಾಗಿ ಹಣ್ಣಾದ ಟೊಮೆಟೊ ಮೂರು ಸಾಕು. ಎಣ್ಣೆಯಲ್ಲಿ ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ ಹೆಚ್ಚಿ ಹಾಕಿ, ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ, ಉಪ್ಪು, ಚೂರು ಬೆಲ್ಲ. ಇಂಗು, ಸಾಸಿವೆ, ಕರಿಬೇವು ಬೇಡ. ಅವು ಬಂದರೆ ಅದು ಅನ್ನಕ್ಕೆ ಕಲಸುವ ಗೊಜ್ಜಾಗಿಬಿಡುತ್ತದೆ.

ನಾನು ಎಡವಿದ್ದು ಇಲ್ಲೇ. ಮೊದಲ ಸಲ ಗೊಜ್ಜು ತೆಳ್ಳಗಿತ್ತು. ಓವನ್ನಿನ ಬಾಗಿಲು ತೆಗೆದಾಗ ತಟ್ಟೆಯ ತುಂಬ ಕೆಂಪು ನೀರು, ಅದರ ಮೇಲೆ ಚೀಸ್ ಕಿತ್ತುಹೋದ ಕೆನೆಯಂತೆ ತೇಲುತ್ತಿತ್ತು. ಮಕ್ಕಳು ಸುಮ್ಮನೆ ಕೂತಿದ್ದರು. ಅಂದು ರಾತ್ರಿ ಅದನ್ನೇ ಒಲೆ ಮೇಲೆ ಬತ್ತಿಸಿ ಚಪಾತಿಗೆ ಕೊಟ್ಟೆ. ಆಮೇಲೆ ಕಲಿತದ್ದು ಎರಡು ಸಂಗತಿ. ಗೊಜ್ಜನ್ನು ಬಾಣಲೆಯಲ್ಲಿ ಸೌಟಿನಿಂದ ಎಳೆದರೆ ಹಿಂದೆ ದಾರಿ ಬೀಳಬೇಕು, ಆ ದಾರಿ ತಕ್ಷಣ ಮುಚ್ಚಬಾರದು. ಮತ್ತು ಕೋಳಿಯನ್ನು ಮೊದಲು ಬರೀ ಬೇಯಿಸಿ, ಅದು ಬಿಟ್ಟ ನೀರನ್ನು ಬಗ್ಗಿಸಿ, ಆಮೇಲೆ ಹೊದಿಕೆ ಹಾಕಬೇಕು. ಬಗ್ಗಿಸಿದ ನೀರನ್ನು ಚೆಲ್ಲಬೇಡಿ, ನಾಳೆಯ ಸಾರಿಗೆ ಸೇರಿಸಿ.

ಮುಕ್ಕಾಲು ಗಂಟೆ

ಓಟಿಜಿಯನ್ನು, ಅಂದರೆ ಮನೆಯ ಪುಟ್ಟ ಓವನ್ನನ್ನು, 200 ಡಿಗ್ರಿಗೆ ತಿರುಗಿಸಿ ಹತ್ತು ನಿಮಿಷ ಕಾಯಲು ಬಿಡಿ. ಅಷ್ಟರಲ್ಲಿ ಗೊಜ್ಜು ಬತ್ತುತ್ತದೆ. ಮಾಂಸ ಇಡಲು ಬೇರೆ ಪಾತ್ರೆ ಹುಡುಕಬೇಕಿಲ್ಲ. ನಮ್ಮ ಊರಿನ ಪ್ರತಿ ಮನೆಯಲ್ಲೂ ಇರುವ ತಟ್ಟೆ ಇಡ್ಲಿಯ ಸ್ಟೀಲ್ ತಟ್ಟೆಗಳು ಒಬ್ಬೊಬ್ಬರಿಗೆ ಒಂದೊಂದರಂತೆ ಅಳತೆ ಮಾಡಿಸಿದಂತಿವೆ. ಅಲ್ಯೂಮಿನಿಯಂ ತಟ್ಟೆಯಾದರೆ ಟೊಮೆಟೊ ಹುಳಿ ತಾಗದಂತೆ ಬಟರ್ ಪೇಪರ್ ಹಾಸಿ.

ಬರೀ ಮಾಂಸ ಹತ್ತು ನಿಮಿಷ ಬೇಯಲಿ. ಹೊರತೆಗೆದು ನೀರು ಬಗ್ಗಿಸಿ, ಪ್ರತಿ ತುಂಡಿನ ಮೇಲೆ ಎರಡು ಚಮಚ ಗೊಜ್ಜು ಹರಡಿ. ಮೇಲೆ ತುರಿದ ಚೀಸ್, ನಾಲ್ಕು ಜನಕ್ಕೆ 100 ಗ್ರಾಂ ಸಾಕು. ಅದರ ಮೇಲೆ ತೆಳ್ಳಗೆ ಹೆಚ್ಚಿದ ಈರುಳ್ಳಿ, ದಪ್ಪ ಮೆಣಸಿನಕಾಯಿ. ಮತ್ತೆ ಎಂಟರಿಂದ ಹತ್ತು ನಿಮಿಷ ಒಳಗಿಡಿ. ಕೊನೆಯ ಎರಡು ನಿಮಿಷ ಮೇಲಿನ ರಾಡ್ ಮಾತ್ರ ಉರಿಯಲಿ.

ಆ ಎರಡು ನಿಮಿಷ ಗಾಜಿನ ಮುಂದೆ ಕೂತು ನೋಡಬೇಕು. ಮೊದಲು ಚೀಸಿನ ಎಳೆಗಳು ತುದಿ ಬಾಗಿಸುತ್ತವೆ. ಮತ್ತೆ ಒಂದಕ್ಕೊಂದು ಕೂಡಿ ಬಿಳಿ ಹಾಳೆಯಾಗುತ್ತವೆ. ಹಾಳೆಯ ಕೆಳಗಿಂದ ಗೊಜ್ಜು ಗುಳ್ಳೆ ಎದ್ದು ಒಡೆದು, ಒಡೆದ ಜಾಗದಲ್ಲಿ ಕೆಂಪು ಕಾಣುತ್ತದೆ. ಅಂಚಿನ ಈರುಳ್ಳಿ ಕಂದುತ್ತದೆ. ಅಲ್ಲಲ್ಲಿ ದೋಸೆಯ ಮೇಲಿನಂಥ ಹೊಂಬಣ್ಣದ ಚುಕ್ಕೆ ಮೂಡಿದಾಗ ಸ್ವಿಚ್ ಆರಿಸಿ.

ಐದು ನಿಮಿಷ ಮುಟ್ಟಬೇಡಿ. ದಪ್ಪನೆಯ ತುಂಡೊಂದನ್ನು ನಡುವೆ ಕೊಯ್ದರೆ ಒಳಗೆ ಗುಲಾಬಿ ಬಣ್ಣ ಇರಬಾರದು, ಹರಿಯುವ ರಸ ತಿಳಿಯಾಗಿರಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ 74 ನೋಡಿ, ನಿಶ್ಚಿಂತೆ. ಬೆಳಿಗ್ಗೆಯೇ ಮಸಾಲೆ ಸವರಿಟ್ಟು ಹೋಗಿದ್ದರೆ, ಸಂಜೆ ಏಳೂವರೆಗೆ ಬೀಗ ತೆಗೆದು ಒಳಗೆ ಬಂದರೆ ಎಂಟೂಕಾಲಿಗೆ ತಟ್ಟೆ ಮುಂದಿರುತ್ತದೆ. ಜೊತೆಗೆ ಬಿಸಿ ರಾಗಿ ರೊಟ್ಟಿ ನನಗಿಷ್ಟ. ಮಕ್ಕಳಿಗೆ ಏನೂ ಬೇಡ, ಅಷ್ಟೇ ಸಾಕು.

▣ ಕರೆಂಟ್ ಲೆಕ್ಕ
1500 ವ್ಯಾಟ್‌ನ ಓಟಿಜಿ ನಿಲ್ಲದೆ 40 ನಿಮಿಷ ಉರಿದರೆ ಸರಿಯಾಗಿ 1 ಯೂನಿಟ್. ಶಾಖ ಮುಟ್ಟಿದ ಮೇಲೆ ಥರ್ಮೋಸ್ಟಾಟ್ ಆಗಾಗ ಆರಿಸುವುದರಿಂದ ಇಷ್ಟು ಅಡುಗೆಗೆ ಅದಕ್ಕಿಂತ ಕಡಿಮೆಯೇ. ಓವನ್ ಬಾಗಿಲನ್ನು ಪದೇಪದೇ ತೆಗೆದು ನೋಡಿದಷ್ಟೂ ಶಾಖ ಸೋರಿ ಖರ್ಚು ಏರುತ್ತದೆ.

ಎಳೆ ಬರುವ ಚೀಸ್, ಬಾರದ ಚೀಸ್

ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಬರುವಾಗ ಮಲ್ಲಸಂದ್ರದಲ್ಲಿ ಹಾಲು ಒಕ್ಕೂಟದ ಡೇರಿ ಸಿಗುತ್ತದೆ. ಇಷ್ಟು ಹಾಲಿರುವ ಜಿಲ್ಲೆಯಲ್ಲಿ ಚೀಸ್ ಮಾತ್ರ ನಮಗೆ ಇನ್ನೂ ಅಪರಿಚಿತ. ಅಂಗಡಿಗೆ ಹೋದವರು ಮೂರು ಬಗೆಯನ್ನು ಒಂದೇ ಎಂದುಕೊಳ್ಳುತ್ತಾರೆ.

ಪನೀರ್ ಕರಗುವುದಿಲ್ಲ. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದ್ದರಿಂದ ಅದರ ಪ್ರೋಟೀನು ಬಿಗಿದುಕೊಂಡಿರುತ್ತದೆ, ಎಷ್ಟು ಕಾಯಿಸಿದರೂ ಕಂದುತ್ತದೆಯೇ ಹೊರತು ಹರಿಯದು. ಸ್ಲೈಸ್ ರೂಪದ ಸಂಸ್ಕರಿತ ಚೀಸ್ ಕರಗುತ್ತದೆ, ಎಳೆ ಬಿಡುವುದಿಲ್ಲ. ಮೊಝರೆಲ್ಲಾ ಮಾಡುವಾಗ ಹಾಲಿನ ಗಡ್ಡೆಯನ್ನು ಬಿಸಿ ನೀರಿನಲ್ಲಿ ಮತ್ತೆ ಮತ್ತೆ ಎಳೆದು ಮಡಚುತ್ತಾರೆ. ಆ ಎಳೆತವೇ ತಟ್ಟೆಯಿಂದ ಬಾಯಿಯವರೆಗೆ ದಾರವಾಗಿ ಬರುವುದು. ನಂದಿನಿ, ಅಮುಲ್ ಎರಡರಲ್ಲೂ ಮೊಝರೆಲ್ಲಾ ಸಿಗುತ್ತದೆ. ಗಟ್ಟಿ ಇಟ್ಟಿಗೆಯಾಗಿಯೇ ಕೊಂಡು ಮನೆಯಲ್ಲಿ ತುರಿದುಕೊಳ್ಳಿ. ತುರಿದು ಮಾರುವ ಚೀಸಿಗೆ ಅಂಟದಿರಲೆಂದು ಪಿಷ್ಟದ ಪುಡಿ ಸವರಿರುತ್ತಾರೆ, ಅದು ಅಷ್ಟು ಚೆನ್ನಾಗಿ ಕೂಡಿಕೊಳ್ಳುವುದಿಲ್ಲ.

ಚೀಸಿನಲ್ಲಿ ಉಪ್ಪಿರುತ್ತದೆ, ಗೊಜ್ಜಿನಲ್ಲೂ ಇದೆ, ಮಾಂಸಕ್ಕೂ ಸವರಿದ್ದೇವೆ. ಬಿ.ಪಿ. ಇರುವವರ ಮನೆಯಲ್ಲಿ ಗೊಜ್ಜಿನ ಉಪ್ಪನ್ನು ಪೂರ್ತಿ ಬಿಟ್ಟುಬಿಡಿ. ಅಪ್ಪನ ತುಂಡಿಗೆ ನಾನು ಹಾಗೇ ಮಾಡುತ್ತೇನೆ.

ಕುಣಿಗಲ್‌ನಲ್ಲಿ ಓವನ್ ಇರಲಿಲ್ಲ

ಫೋನಿನಲ್ಲಿ ಇಷ್ಟೆಲ್ಲ ಕೇಳಿದ ಅಕ್ಕ ಅಂದಳು, "ನಮ್ಮನೇಲಿ ಓವನ್ ಎಲ್ಲಿದೆಯೇ? ಬಾಣಲೇಲಿ ಆಗಲ್ವಾ?"

ಆಗುತ್ತದೆ. ಹಿಂದೆ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಅಡುಗೆ ಮಾಡುತ್ತಿದ್ದ ಜನ ನಾವು. ಮುಂದಿನ ಭಾನುವಾರ ನಾನೇ ಹೋದೆ. ಅಕ್ಕನ ಮನೆಯ ದಪ್ಪ ತಳದ ಕಬ್ಬಿಣದ ಬಾಣಲೆಗೆ ಒಂದು ಕೆ.ಜಿ. ಕಲ್ಲುಪ್ಪು ಸುರಿದು, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹದಿನೈದು ನಿಮಿಷ ಕಾಯಿಸಿದೆವು. ಉಪ್ಪಿನ ಹರಳುಗಳು ಚಟಪಟ ಸಿಡಿದು ಸುಮ್ಮನಾದವು. ತಟ್ಟೆ ಇಟ್ಟೆವು.

ಮೊದಲ ತಟ್ಟೆ ಕೆಟ್ಟಿತು. ಮುಚ್ಚಳಕ್ಕೆ ಅಂಟಿದ ಆವಿ ಹನಿಯಾಗಿ ಚೀಸಿನ ಮೇಲೆ ಬಿದ್ದು ಅಲ್ಲಲ್ಲಿ ಗುಳಿ ಬಿದ್ದಿತ್ತು. ಅಕ್ಕ ಒಂದು ಮಾತೂ ಆಡದೆ ಒಳಗೆ ಹೋಗಿ ಹಳೆಯ ಪಂಚೆಯ ತುಂಡು ತಂದಳು. ಅದನ್ನು ಮುಚ್ಚಳಕ್ಕೆ ಸುತ್ತಿ, ತುದಿಗಳನ್ನು ಹಿಡಿಯ ಮೇಲೆ ಗಂಟು ಹಾಕಿದಳು. ಇಡ್ಲಿ ಮೇಲೆ ನೀರು ಬೀಳದಿರಲು ಅವಳ ಅತ್ತೆ ಹಾಗೆ ಮಾಡುತ್ತಿದ್ದರಂತೆ. ಎರಡನೇ ತಟ್ಟೆಗೆ ಒಂದು ಹನಿಯೂ ಬೀಳಲಿಲ್ಲ. ಮೇಲೆ ಕಂದು ಚುಕ್ಕೆ ಬರಲಿಲ್ಲ, ಅದಕ್ಕೆ ಮೇಲಿನಿಂದ ಬೆಂಕಿ ಬೇಕು. ರುಚಿಯಲ್ಲಿ ನನ್ನ ಓವನ್ನಿನದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಕಬ್ಬಿಣದ ಶಾಖ ಹಿಡಿದರೆ ಬಿಡುವುದಿಲ್ಲ.

▣ ಓವನ್ ಇಲ್ಲದವರಿಗೆ
ದಪ್ಪ ತಳದ ಬಾಣಲೆ ಅಥವಾ ಕುಕ್ಕರ್ ಆಗುತ್ತದೆ. ಕುಕ್ಕರ್ ಆದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿಡಿ. ನೀರು ಹಾಕಬೇಡಿ.
ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿಯಾಗಿ ಹೀಗೆ ಕಾಯಿಸಲೇಬಾರದು.
ಮಧ್ಯಮ ಉರಿಯಲ್ಲಿ ಮಾಂಸಕ್ಕೆ 15 ನಿಮಿಷ, ಹೊದಿಕೆ ಹಾಕಿದ ಮೇಲೆ 10ರಿಂದ 12 ನಿಮಿಷ.
ಮುಚ್ಚಳಕ್ಕೆ ಸುತ್ತಿದ ಬಟ್ಟೆಯ ಅಂಚು ಉರಿಯ ಕಡೆ ಇಳಿಬೀಳದಂತೆ ಬಿಗಿಯಾಗಿ ಕಟ್ಟಿ.
ಬಳಸಿದ ಕಲ್ಲುಪ್ಪನ್ನು ಡಬ್ಬಿಯಲ್ಲಿಟ್ಟರೆ ಮತ್ತೆ ಮತ್ತೆ ಇದೇ ಕೆಲಸಕ್ಕೆ ಬರುತ್ತದೆ. ಅಡುಗೆಗೆ ಬೇಡ.

ಒಂದು ಕೋಳಿ, ಎರಡು ಊಟ

ಬರೀ ಬೋನ್‌ಲೆಸ್ ಕೊಂಡರೆ ದುಬಾರಿ. ಅದಕ್ಕೇ ನಾನು ಪೂರ್ತಿ ಕೋಳಿ ಕೊಳ್ಳುವುದು. ಎರಡು ಕೆ.ಜಿ.ಯ ಹಕ್ಕಿಯ ಎದೆ ಭಾಗ ಒಂದು ರಾತ್ರಿಯ ಓವನ್ ಊಟಕ್ಕೆ. ಕಾಲು, ರೆಕ್ಕೆ, ಕತ್ತು, ಎದೆಗೂಡಿನ ಮೂಳೆ ಎಲ್ಲ ಸಾರಿಗೆ. ಮೂಳೆಯಲ್ಲೇ ರುಚಿ ಇರುವುದರಿಂದ ಸಾರಿಗೆ ಏನೂ ಕಡಿಮೆಯಾಗುವುದಿಲ್ಲ. ಕೊತ್ತಂಬರಿ, ತೆಂಗಿನಕಾಯಿ, ಚಕ್ಕೆ, ಲವಂಗ ಅರೆದು ಅಮ್ಮ ಮಾಡುವ ಸಾರಿನ ಪಕ್ಕದಲ್ಲಿ ನನ್ನ ತಟ್ಟೆಗಳನ್ನಿಟ್ಟಾಗ ಒಂದರಿಂದ ಇನ್ನೊಂದಕ್ಕೆ ಜಾಗ ಕಡಿಮೆಯಾಯಿತು ಎಂದು ಯಾರಿಗೂ ಅನಿಸಲಿಲ್ಲ.

ಗುಬ್ಬಿಯ ಆ ಭಾನುವಾರ ಅಪ್ಪ ಮುದ್ದೆ, ಸಾರು ಮುಗಿಸಿದ ಮೇಲೆ ಒಂದು ತುಂಡು ಕೇಳಿ ಹಾಕಿಸಿಕೊಂಡರು. ಚಮಚ ಬೇಡವೆಂದರು. ಕೈಯಲ್ಲೇ ಮುರಿದರು, ಚೀಸಿನ ಎಳೆ ಮೊಣಕೈವರೆಗೆ ಬಂತು, ಅದನ್ನು ಬೆರಳಿಗೆ ಸುತ್ತಿ ಬಾಯಿಗಿಟ್ಟುಕೊಂಡರು. "ಇದು ಫಾರಂ ಕೋಳೀನಾ?" ಎಂದು ಎರಡು ಸಲ ಕೇಳಿದರು. ಹೌದು ಎಂದೆ.

ಅಕ್ಕನ ಮನೆಯಲ್ಲಿ ದೊಡ್ಡಪತ್ರೆ ಇರಲಿಲ್ಲ, ಅಂದು ಓಂಕಾಳಿನಲ್ಲೇ ಸುಧಾರಿಸಿದ್ದೆವು. ಅಮ್ಮ ಈಗ ಹಿತ್ತಲಿನಿಂದ ನಾಲ್ಕು ಕಡ್ಡಿ ಮುರಿದು, ಬುಡಕ್ಕೆ ಒದ್ದೆ ಪೇಪರ್ ಸುತ್ತಿ, ಹಾಲಿನ ಖಾಲಿ ಕವರಿನಲ್ಲಿ ಕಟ್ಟಿಟ್ಟಿದ್ದಾರೆ. ಪಕ್ಕದಲ್ಲೇ ಒಂದು ಹಿಡಿ ಮರುಗವೂ ಇದೆ, ಬೇರು ಸಮೇತ. ನಾಳೆ ಬೆಳಿಗ್ಗೆ ಗುಬ್ಬಿಯಿಂದ ನನ್ನ ಜೊತೆ ತುಮಕೂರಿಗೆ, ಸಂಜೆ ಭಾವನ ಕೈಲಿ ಕುಣಿಗಲ್‌ಗೆ.